ಖಾಲಿ ಹೊಟ್ಟೆಯ ಪ್ರಯೋಗ

ಎಲ್ಲಿಂದ ಶುರು ಮಾಡಲಿ? ಸಾವಿನಿಂದ ಬೇಡ, ಅದನ್ನು ನೀವು ಬೇರೆ ಕಥೆಗಳಲ್ಲಿ ಓದಿದ್ದೀರಿ. ಗಂಡನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆಯಿಂದ ಶುರು ಮಾಡುತ್ತೇನೆ. ಹಾಲು ಬಂತು. ನಲ್ಲಿಯಲ್ಲಿ ನೀರು ಬಂತು. (ಎರಡು ಸಲ ‘ಬಂತು’ ಆಯಿತು. ಇರಲಿ, ಬರುವವರು ಬೇರೆ ಯಾರೂ ಇಲ್ಲ.)

೧
ನನ್ನ ಗಂಡ ಜಠರರಸದ ಸಂಶೋಧಕ. ಊಟಕ್ಕೆ ಮುಂಚೆ ಅಮೈನೋ ಆಮ್ಲದ ಪುಡಿ ಕುಡಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚು ಸ್ರವಿಸುತ್ತದೆಯೇ, ಜೀರ್ಣಕ್ರಿಯೆ ಚುರುಕಾಗುತ್ತದೆಯೇ ಎಂಬುದು ಅವನ ಪ್ರಶ್ನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮನೆಯಲ್ಲೇ, ಮೂಗಿನಿಂದ ಹೊಟ್ಟೆಗೆ ತೆಳು ನಳಿಗೆ ಇಳಿಸಿಕೊಂಡು ಕೂರುತ್ತಿದ್ದ. ಪುಡಿ ಕರಗಿಸಿ ಕೊಡುವುದು, ಸಿರಿಂಜಿನಲ್ಲಿ ರಸ ಎಳೆಯುವುದು, ಅದಕ್ಕೆ ಪಿಎಚ್ ಮೀಟರ್ ಅದ್ದುವುದು ನನ್ನ ಕೆಲಸ. ಅಂಕಿ ಇಳಿದರೆ ಆಮ್ಲ ಏರಿತೆಂದು ಅರ್ಥ. ಇಳಿದಾಗಲೆಲ್ಲ ನಳಿಗೆ ಸಮೇತ ನಗುತ್ತಿದ್ದ. (ಪ್ರಣಯದ ದೃಶ್ಯ ಬೇಕಿದ್ದವರು ಇದನ್ನೇ ಇಟ್ಟುಕೊಳ್ಳಿ.)

೨
ಆ ಬೆಳಿಗ್ಗೆಯೂ ಕೈ ತಾನಾಗಿ ಪುಡಿ ಕರಗಿಸಿತು. ಲೋಟ ಹಿಡಿದು ರೂಮಿಗೆ ಹೋದೆ. ಕುರ್ಚಿ ಖಾಲಿ. ಚೆಲ್ಲಲು ಮನಸ್ಸಾಗದೆ ನಾನೇ ಕುಡಿದೆ.

(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಒಂದು ಪುಟ ಅಳುವಿತ್ತು. ಹೊಡೆದುಹಾಕಿದೆ. ನಾನು ಅಳಲಿಲ್ಲ.)

೩
ಸ್ವಲ್ಪ ಹೊತ್ತಿಗೆ ಹೊಟ್ಟೆ ಗುರುಗುಟ್ಟಿತು. ಅವನು ಹೋದಮೇಲೆ ಮೊದಲ ಹಸಿವು. ಇಷ್ಟು ಬೇಗವೇ ಎಂದು ನಾಚಿಕೆಯಾಯಿತು.

“ಅದು ಹಸಿವಲ್ಲ ಕಣೇ, ಬರೀ ಆಮ್ಲ. ಪುಡಿ ಬಿದ್ರೆ ಜಠರ ತನ್ನ ಕೆಲಸ ಮಾಡುತ್ತೆ. ನಿನ್ನದೇನು ತಪ್ಪು?”

“ನೀನು ಸತ್ತಿದ್ದೀಯ. ಈ ಕಥೇಲಿ ನಿನಗೆ ಮಾತಿಲ್ಲ.”

“ಮತ್ತೆ ಮಾತಾಡಿಸಿದ್ದು ಯಾರು?”

ಅವನ ಮಾತು ಅಳಿಸಿದೆ. ಮನೆ ತೀರಾ ಸುಮ್ಮನಾಯಿತು. ಮತ್ತೆ ಬರೆದೆ.

ಅಷ್ಟರಲ್ಲಿ ಅತ್ತೆ ತಟ್ಟೆ ತಂದರು. “ಎರಡು ತುತ್ತು ತಿನ್ನಮ್ಮ.”

“ಹಸಿವಿಲ್ಲ ಅತ್ತೆ.”

“ನಿನ್ನ ಹೊಟ್ಟೆ ಬೇರೇನೋ ಹೇಳ್ತಿದೆಯಲ್ಲೇ!”

೪
ಅಂತ್ಯ, ಒಂದು: ಅವಳು ತಿನ್ನುತ್ತಾಳೆ, ರುಚಿಯಾಗುತ್ತದೆ. (ತಿಂದದ್ದು ರುಚಿಸಿದರೆ ಅವನಿಲ್ಲದೆಯೂ ನಡೆಯುತ್ತದೆ ಎಂದಾಗುತ್ತದೆ. ಬೇಡ.)

ಅಂತ್ಯ, ಎರಡು: ತಿನ್ನುವುದಿಲ್ಲ. (ಅತ್ತೆಯೂ ತಿನ್ನುವುದಿಲ್ಲ. ಅದೂ ಬೇಡ.)

ಹಾಗಾಗಿ ತಟ್ಟೆ ಮುಚ್ಚಿಟ್ಟು, ಮೀಟರ್ ಚೀಲಕ್ಕೆ ಹಾಕಿಕೊಂಡು ಹೊರಟೆ. ಅದು ಅವನ ಪಕ್ಕದ ಲ್ಯಾಬಿನ ಮೇಡಂ ಹತ್ತಿರ ಎರವಲು ತಂದದ್ದು, ಹಿಂದಿರುಗಿಸಬೇಕಿತ್ತು.

“ಅಯ್ಯೋ, ಇದಕ್ಕೇನು ಅವಸರ? ನಿಮ್ಮ ಹತ್ರಾನೇ ಇರ್ಲಿ ಬಿಡಿ,” ಅಂದರು ಮೇಡಂ, ಬಾಗಿಲು ತೆರೆದು.

“ಬೇಡ ಮೇಡಂ. ಇದು ಮನೇಲಿದ್ರೆ ನಾಳೆ ಬೆಳಿಗ್ಗೆ ಮತ್ತೆ ಪುಡಿ ಕರಗಿಸ್ತೀನಿ.”

ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. “ಏನಾದ್ರೂ ತಿಂದ್ರಾ?” ಎಂದು ಕೇಳಿದರು.

ಏನು ಹೇಳಿದೆನೆಂದು ನನ್ನನ್ನು ಕೇಳಬೇಡಿ. ಇದನ್ನು ಬರೆಯುವಾಗಲೂ ಅವರ ಬಾಗಿಲಲ್ಲೇ ನಿಂತಿದ್ದೇನೆ, ಕೈ ಖಾಲಿ, ಮೂರನೆಯ ಅಂತ್ಯ ಇನ್ನೂ ಬರೆದಿಲ್ಲ.