ಒಂದೇ ಬೆರಳು

“ಆ ಓಣಿ ಹುಡುಗ್ರ ಗಾಳಿ ಬಡದ್ರ ಕಣ್ಣು ಬರಲಾರ್ದ ಇರ್ತಾವೇನು?” ಎನ್ನುತ್ತ ಗಂಗಾಬಾಯಿ ದೊಡ್ಡ ಮೊಮ್ಮಗನ ಕೀವುಗಟ್ಟಿದ ಕಣ್ಣಿಗೆ ಕಾಡಿಗೆ ಎಳೆದಳು. ಅದೇ ಬೆರಳನ್ನು ಮತ್ತೆ ಡಬ್ಬಿಗೆ ಅದ್ದಿ ಪಕ್ಕದವನ ಕಣ್ಣಿಗೂ ಎಳೆದಳು. ಖಜೂರಿ ಊರಿನ ಆ ಮನೆಯಲ್ಲಿ ಮಿಂದು ಬಂದ ಮಕ್ಕಳೆಲ್ಲ ಅಜ್ಜಿಯ ಮುಂದೆ ಸಾಲಾಗಿ ಕೂರಲೇಬೇಕು. ಹರಳೆಣ್ಣೆ ದೀಪದ ಕಾಡಿಗೆ, ಮೇಲೆ ಅವಳ ಬೆರಳು. ಇಷ್ಟಿದ್ದರೆ ಡಾಕ್ಟರನ ಮನೆ ಹಾಳಾಯಿತೆಂದೇ ಲೆಕ್ಕ.

“ತಾ ಕೂಸಿನ್ನ.”

ಸೊಸೆ ಭಾಗ್ಯಜ್ಯೋತಿ ಎಂಟು ತಿಂಗಳ ಮಗಳನ್ನು ಎದೆಗವಚಿಕೊಂಡಳು. ಮೂರು ದಿನದಿಂದ ಕೂಸಿನ ಬಲಗಣ್ಣು ಬಾತು ಮುಚ್ಚಿತ್ತು.

“ಕೊಡಂಗಿಲ್ರಿ ಅತ್ತಿ. ಆಳಂದಕ್ಕ ಹೋಗ್ತೇನಿ, ಪಲ್ಲವಿ ಡಾಕ್ಟರ್ ಬಲ್ಲಿ.”

“ಯಾರು, ಅಂಬಾರಾಯನ ಮಗಳೇನು? ನಮ್ಮ ಹೊಲ್ದಾಗ ತೊಗರಿ ಕೊಯ್ದವನ ಮಗಳು ನನ್ನ ಮೊಮ್ಮಗಳ ಕಣ್ಣು ಮುಟ್ಟಬೇಕಾ? ಐತಾರ ಕಾರ್ ಬರ್ತದ, ಸೋಲಾಪುರಕ್ಕ ಹೋದ್ರಾಯ್ತು.”

“ಐತಾರಕ್ಕ ಇನ್ನಾ ನಾಕು ದಿನ ಅದ. ಅಲ್ಲೀತನ ಕಣ್ಣು ಉಳಿತದೇನ್ರಿ?”

ಬಸವ ಜಯಂತಿಗೆ ಮೈಕು ಹಿಡಿದು ಮನುಷ್ಯರೆಲ್ಲ ಒಂದೇ ಎಂದು ಗಂಟಲು ಹರಿದುಕೊಳ್ಳುವ ಮಾವ ಕಲ್ಯಾಣಪ್ಪ ಪೇಪರಿನ ಹಿಂದೆ ಅಡಗಿದ್ದ. ಊರೊಳಗೆ ಹುಲಿಯಾದ ಗಂಡ ಅನೀಲಕುಮಾರ ಹಲ್ಲುಸಂದಿಯ ಅಡಿಕೆ ಚೂರನ್ನು ಕೆದಕುತ್ತ, “ಅವ್ವ ಅಂದಂಗ ಮಾಡು ಬೇ,” ಎಂದ.

“ನೀವೂ ಒಂದೀಟು ಕಾಡಿಗಿ ಹಚ್ಚಿಸ್ಕೋರಿ. ಇಂಥಾ ಗಂಡಸಿಗಿ ದೃಷ್ಟಿ ಆದೀತು,” ಎಂದವಳೇ ಭಾಗ್ಯಜ್ಯೋತಿ ಕಟ್ಟೆಯಿಳಿದು ಬಸ್ಸು ಹಿಡಿದಳು.

ಆಳಂದದಲ್ಲಿ ಪಲ್ಲವಿ ಒದ್ದೆ ಹತ್ತಿಯಿಂದ ಕೂಸಿನ ಕೀವು ಒರೆಸಿದಳು. ಹತ್ತಿಗೆ ಮೊನ್ನೆಯ ಕಾಡಿಗೆಯ ಕಪ್ಪು ಹತ್ತಿತು. “ಒಂದೇ ಬೆರಳಲೆ ಎಲ್ಲಾ ಹುಡುಗ್ರಿಗೂ ಹಚ್ತಾರೇನ್ರಿ?”

“ಹೌದ್ರಿ. ರೋಗ ಮಾತ್ರ ನಿಮ್ಮ ಓಣಿದು ಅಂತಾರ.”

“ನಮ್ಮ ಓಣ್ಯಾಗ ಕಣ್ಣು ಬಂದ್ರ ಆವತ್ತೇ ದವಾಖಾನಿಗಿ ಬರ್ತಾರ್ರಿ. ನಿಮ್ಮಲ್ಲಿ ಮೂರು ದಿನ ಡಾಕ್ಟರಂದು ಜಾತಿ ನೋಡ್ತಾರ.”

ಭಾಗ್ಯಜ್ಯೋತಿ ತಲೆ ತಗ್ಗಿಸಿದಳು. “ಈ ಕಣ್ಣು ಕಾಣ್ತದೇನ್ರಿ?”

“ನೋಡಮ್ರಿ.”

ಪಲ್ಲವಿ ಕೈ ತೊಳೆದುಕೊಂಡು ಬಂದು ಕೂಸಿನ ಚೆನ್ನಾಗಿದ್ದ ಕಣ್ಣನ್ನು ಅಂಗೈಯಿಂದ ಮುಚ್ಚಿ, ಬಾತ ರೆಪ್ಪೆಯನ್ನು ಬಿಡಿಸಿ, ಟಾರ್ಚನ್ನು ಮೆಲ್ಲಗೆ ಎಡಕ್ಕೆ ಸರಿಸಿದಳು. ನೀರು ತುಂಬಿದ ಕೆಂಪು ಕಣ್ಣು ಮೊದಲು ಸುಮ್ಮನೆ ನಿಂತಿತ್ತು. ಆಮೇಲೆ ತಡವರಿಸುತ್ತ ಬೆಳಕಿನ ಹಿಂದೆ ಹೊರಳಿತು.