ಗಾಳಿಚೀಲಕ್ಕೆ ಕೀಲೆಣ್ಣೆ

ಗೌರಕ್ಕನಿಗೆ ಸಿಟ್ಟು ಬಂದರೆ ಅಣ್ಣಿಗೇರಿಯ ಹತ್ತಿ ಪೇಟೆಯಲ್ಲಿ ತಕ್ಕಡಿ ಹಿಡಿದವನ ಕೈ ಕೂಡ ನಿಲ್ಲುತ್ತಿತ್ತು. ಆವತ್ತು ಬಂದದ್ದು ಅಂಥಿಂಥ ಸಿಟ್ಟಲ್ಲ. ಬೆಳಿಗ್ಗೆ ಅಂಗಡಿಗೆ ಬಂದು ನೋಡುತ್ತಾಳೆ, ಅವಳ ಕಾರು ಮುಂದಿನ ಎಡಗಾಲಿಯ ಮೇಲೆ ಕುಸಿದು ಮೂತಿ ನೆಲಕ್ಕಿಟ್ಟುಕೊಂಡು ಕೂತಿದೆ. ಡ್ರೈವರ್ ಉಡಚಪ್ಪ ಎಂಜಿನ್ ಚಾಲೂ ಮಾಡಿದ. ಉಳಿದ ಮೂಲೆಗಳು ಒಂದಿಷ್ಟು ಮಿಸುಕಿದವು. ಆ ಒಂದು ಮೂಲೆ ಬುಸ್ಸೆಂದು ಗಾಳಿ ಬಿಟ್ಟಿತೇ ಹೊರತು ಮೇಲೇಳಲಿಲ್ಲ.

ಶೋಕಿಗೆ ಕೊಂಡ ಕಾರಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಗಂಡ ತೀರಿದ ಮೇಲೆ ಹತ್ತಿ ವ್ಯಾಪಾರ ಕೈಗೆತ್ತಿಕೊಂಡು, ವರ್ಷಗಟ್ಟಲೆ ಎರೆನಾಡಿನ ಊರೂರು ಚಕ್ಕಡಿಯಲ್ಲಿ ತಿರುಗಿದ ಹೆಂಗಸು ಅವಳು. ಹೊಲದಲ್ಲಿ ನಿಂತು, ಹತ್ತಿಯನ್ನು ಕೈಯಾರೆ ಹಿಂಜಿ ನೋಡದೆ ಒಂದು ಚೀಲ ಕೊಂಡವಳಲ್ಲ. ಆ ಚಕ್ಕಡಿಯ ಕುಲುಕಾಟವೇ ಅವಳ ಬೆನ್ನು ತಿಂದಿತ್ತು. ಇನ್ನೂ ಹೀಗೇ ಓಡಾಡಿದರೆ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಮುಖಕ್ಕೇ ಹೇಳಿದ್ದರು. ಎದುರು ಅಂಗಡಿಯ ಮೈದುನ ಕುಬೇರಪ್ಪನಿಗೆ ಅಷ್ಟೇ ಸಾಕಾಯಿತು. ವೈನಿ ಇನ್ನು ಮನೆಯಲ್ಲಿ ಕೂಡಬೇಕು, ಅಂಗಡಿ ತಾನು ನೋಡಿಕೊಳ್ಳುತ್ತೇನೆ ಎಂದು ಬೆಲ್ಲದಂಥ ದನಿಯಲ್ಲಿ ಹೇಳತೊಡಗಿದ್ದ. ಹೊಲಕ್ಕೆ ಹೋಗಲಾರದವಳ ಕೈಯಲ್ಲಿ ತಕ್ಕಡಿ ಎಷ್ಟು ದಿನ ಉಳಿದೀತು? ಗೌರಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ಬಂದವನು ತಿರ್ಲಾಪುರದ ಉಡಚಪ್ಪ. ಮುಂಬಯಿಯಲ್ಲಿ ಒಬ್ಬ ಗಿರಣಿ ಮಾಲೀಕರ ಕಾರು ಓಡಿಸುತ್ತಿದ್ದವನು, ಅವರು ಮಾರಲು ನಿಂತ ಆ ಹಳೆಯ ವಿಲಾಯಿತಿ ಕಾರಿನ ಸುದ್ದಿ ತಂದ, ಆಮೇಲೆ ಕಾರನ್ನೂ ತಂದ. ಇದರ ಅಡಿಗೆ ಬೇರೆ ಕಾರಿನಂತೆ ಸ್ಪ್ರಿಂಗಿನ ಕಬ್ಬಿಣದ ಪಾಟಾ ಇಲ್ಲ ಎಂದು ತೋರಿಸಿಕೊಟ್ಟ. ಒಂದೊಂದು ಗಾಲಿಗೆ ಕುಂಬಳಕಾಯಿಯಷ್ಟು ದಪ್ಪದ ಒಂದೊಂದು ರಬ್ಬರು ಚೀಲ. ಎಂಜಿನ್ನಿನ ಜೊತೆ ತಿರುಗುವ ಸಣ್ಣ ಪಂಪು ಗಾಳಿ ತುಂಬುತ್ತದೆ. ಮನುಷ್ಯರು ಹತ್ತಿದರೆ ಕಾರು ತುಸು ತಗ್ಗುತ್ತದೆ, ಆಗ ಗಾಲಿಗೆ ಜೋಡಿಸಿದ ಒಂದು ಸಲಾಕೆ ವಾಲಿ ಗಾಳಿಯ ಬಾಯಿ ತೆರೆಯುತ್ತದೆ, ಚೀಲ ಉಬ್ಬಿ ಕಾರು ಮತ್ತೆ ತನ್ನ ಮಟ್ಟಕ್ಕೆ ಏಳುತ್ತದೆ. ಇಳಿದರೆ ಹೆಚ್ಚಿನ ಗಾಳಿ ಹೊರಗೆ ಹೋಗುತ್ತದೆ. ಗಾಲಿ ಕಲ್ಲು ಹತ್ತಿದಾಗ ಚೀಲದೊಳಗಿನ ಗಾಳಿ ಕುಗ್ಗಿ ಆ ಪೆಟ್ಟನ್ನು ತಾನೇ ನುಂಗುತ್ತದೆ, ಎಲುಬಿನ ತನಕ ಬಿಡುವುದಿಲ್ಲ. ಗೌರಕ್ಕ ಎಲ್ಲ ಕೇಳಿಸಿಕೊಂಡು 'ಚೊಲೊ ಐತಿ' ಎಂದಷ್ಟೇ ಅಂದಳು. ಆದರೆ ಮೊದಲ ಸಲ ತಿರ್ಲಾಪುರದ ಹೊಲಗಳಿಗೆ ಹೋಗಿ, ಯಾರ ಕೈಯೂ ಹಿಡಿಯದೆ ಇಳಿದು ಬಂದ ದಿನ, ಹಿಂದಿನ ಸೀಟಿನಲ್ಲಿ ಸೆರಗು ಮುಚ್ಚಿಕೊಂಡು ಅತ್ತಿದ್ದಳು.

ಈಗ ಹತ್ತಿ ಬಿಡಿಸುವ ಕಾಲಕ್ಕೆ ಸರಿಯಾಗಿ ಚೀಲ ಸತ್ತಿದೆ. ಅದೂ, ಉಡಚಪ್ಪ ಕುಬೇರಪ್ಪನ ಅಂಗಡಿಯಲ್ಲಿ ಕೂತು ಚಹಾ ಕುಡಿಯುವುದನ್ನು ಅವಳು ಕಣ್ಣಾರೆ ಕಂಡ ಮೇಲೆ. ಅವಳಿಗೆ ಮೈಯೆಲ್ಲ ಉರಿದು ಹೋಯಿತು.

"ಎಷ್ಟಕ್ಕ ಮಾರಿದ್ಯೋ ನನ್ನ ಬೆನ್ನ?" ಎಂದಳು, ಇಡೀ ಪೇಟೆಗೆ ಕೇಳುವಂತೆ. "ಚೀಲ ಕೊಯ್ದಾಂವ ನೀನ. ಕಳ್ಳ."

ಚೀಲ ಬಿಚ್ಚಿ ನೋಡೋಣ ಎಂದು ಉಡಚಪ್ಪ ಬಾಯಿ ತೆರೆದ. ಅವಳು ಬಿಡಲಿಲ್ಲ. ಅವನು ಉಣ್ಣುವ ಅನ್ನ, ಹುಟ್ಟಿದ ಊರು, ಯಾವುದನ್ನೂ ಉಳಿಸದೆ ಬೈದಳು. ಅವನು ಕಾರಿನ ಕೀಲಿಯನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ತಿರುಗಿಯೂ ನೋಡದೆ ನಡೆದು ಹೋದ. ಕುಬೇರಪ್ಪ ಮೀಸೆಯಲ್ಲೇ ನಗುತ್ತಿದ್ದ.

ಹುಬ್ಬಳ್ಳಿಯಿಂದ ಕರೆಸಿದ ಮೇಸ್ತ್ರಿ ಕಾರಿನ ಕೆಳಗೆ ತೂರಿ ಚೀಲ ಬಿಚ್ಚಿ ತಂದು ಗೌರಕ್ಕನ ಮುಂದೆ ಹಾಕಿದ. ಕೊಯ್ದ ಗುರುತು ಎಲ್ಲೂ ಇರಲಿಲ್ಲ. ರಬ್ಬರು ಕೊಳೆತ ಹಣ್ಣಿನ ಹಾಗೆ ಉಬ್ಬಿ ಮೆತ್ತಗಾಗಿ, ಮುಟ್ಟಿದರೆ ಬೆರಳಿಗೆ ಕರ್ರಗೆ ಅಂಟುತ್ತಿತ್ತು. ಮೇಸ್ತ್ರಿ ಮೂಸಿ ನೋಡಿದ.

"ಯಾವ ಶಾಣ್ಯಾರ್ರೀ ಇದಕ್ಕ ಕೀಲೆಣ್ಣಿ ಬಡದಾರು?" ಎಂದ. ಎಣ್ಣೆ ತಾಗಿದ ರಬ್ಬರು ಉಳಿಯುವುದಿಲ್ಲ, ಬೇಗ ತೊಳೆಯದಿದ್ದರೆ ಇನ್ನುಳಿದ ಮೂರೂ ಇದೇ ದಾರಿ ಹಿಡಿಯುತ್ತವೆ ಎಂದ.

ಹಿಂದೆ ನಿಂತಿದ್ದ ಹನಮಪ್ಪ ತಲೆ ಕೆಳಗೆ ಹಾಕಿದ. ಗಂಡನ ಕಾಲದಿಂದ ಆ ಮನೆಯ ಚಕ್ಕಡಿಗೆ ಎಣ್ಣೆ ಹಾಕುತ್ತ ಬಂದ ಆಳು ಅವನು. ಅವನ ಮುಖ ಕಂಡದ್ದೇ ಗೌರಕ್ಕನಿಗೆ ಖಂಡೇಪೂಜೆಯ ದಿನ ನೆನಪಾಯಿತು. ನೇಗಿಲು, ಕೂರಿಗೆ, ಚಕ್ಕಡಿ, ತಕ್ಕಡಿ ಎಲ್ಲ ತೊಳೆದು, ವಿಭೂತಿ ಬಳಿದು, ಕೀಲುಕೀಲಿಗೂ ಎಣ್ಣೆ ಹಾಕುವ ದಿನ. ರಬ್ಬರಿಗೆ ಎಣ್ಣೆ ಬೇಡವೆಂದು ಉಡಚಪ್ಪ ಆವತ್ತು ಎರಡೆರಡು ಸಲ ಹೇಳಿದ್ದ. ಕುರ್ಚಿಯಲ್ಲಿ ಕೂತು ಅವಳೇ ಗದರಿದ್ದಳು: ಎಣ್ಣೆ ಕಾಣದ ಗಾಡಿ ನಮ್ಮ ಮನೆಯಲ್ಲಿ ಇಲ್ಲ, ನೀನು ಬಾಯಿ ಮುಚ್ಚು, ಹನಮಪ್ಪಾ, ಒಂದೂ ಕೀಲು ಬಿಡಬೇಡ. ಹನಮಪ್ಪ ನಾಲ್ಕೂ ಚೀಲಕ್ಕೆ ಹಬ್ಬದ ಎಣ್ಣೆಸ್ನಾನದಂತೆ ಎರಡೂ ಕೈಯಿಂದ ತಿಕ್ಕಿದ್ದ.

ಸಿಟ್ಟೇನೂ ಇಳಿಯಲಿಲ್ಲ, ಹೋಗಲು ಜಾಗ ಇಲ್ಲದಾಯಿತು ಅಷ್ಟೇ. ಕಟ್ಟೆ ಹೊಲಸಾಯಿತೆಂದು ಮೇಸ್ತ್ರಿಗೆ ಬೈದಳು. ಹನಮಪ್ಪನಿಗೆ ಬೈಯಲು ಹೋದರೆ ಅವನು ಮೆಲ್ಲಗೆ, "ನೀವ ಹೇಳಿದ್ರೆಲ್ಲಾ ಅಕ್ಕಾರ" ಎಂದ. ಅವಳು ಚಕ್ಕಡಿ ಹೂಡಲು ಹೇಳಿದಳು.

ತಿರ್ಲಾಪುರದ ದಾರಿಯಲ್ಲಿ ಒಣಗಿದ ಎರೆಮಣ್ಣಿನ ಗಾಲಿಜಾಡು ಕಲ್ಲಿನಷ್ಟು ಗಟ್ಟಿಯಾಗಿತ್ತು. ಮೇವು ಹಾಸಿ, ಮೇಲೆ ಗಾದಿ ಹಾಸಿದರೂ ಒಂದೊಂದು ಪೆಟ್ಟೂ ಸೊಂಟದಲ್ಲಿ ಹೊಕ್ಕು ನೆತ್ತಿಯಲ್ಲಿ ಹೊರಡುತ್ತಿತ್ತು. ಎತ್ತಿಗೆ ಬೈದಳು, ದಾರಿಗೆ ಬೈದಳು, ಸೆರಗು ಕಚ್ಚಿಕೊಂಡು ತನಗೂ ಬೈದುಕೊಂಡಳು.

ಅವಳ ಚಕ್ಕಡಿ ಎಂದೂ ಹೊಕ್ಕಿರದ, ಊರ ಹೊರಗಿನ ಓಣಿಯಲ್ಲಿ ಉಡಚಪ್ಪನ ಮನೆ. ಅವನು ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದ. ಕೊಡಲಿ ಕೆಳಗಿಡಲಿಲ್ಲ, ಬರ್ರಿ ಅನ್ನಲಿಲ್ಲ. ಚೀಲ ತಿಂದದ್ದು ಎಣ್ಣೆ, ನೀನು ಕೊಯ್ದಿಲ್ಲ, ಗಾಡಿ ಹತ್ತು ಎಂದು ಗೌರಕ್ಕ ಕೂತಲ್ಲಿಂದಲೇ ಹೇಳಿದಳು. ಕುಬೇರಪ್ಪನ ಚಹಾದ ಮಾತೂ ಬಂತು. ಕೆಲಸ ಕೊಡುತ್ತೇನೆಂದು ಕರೆದಿದ್ದ, ಚಹಾ ಕುಡಿದು ಒಲ್ಲೆನೆಂದು ಬಂದೆ ಎಂದ ಉಡಚಪ್ಪ. ಆಮೇಲೆ ಕೊಡಲಿಯನ್ನು ಕಟ್ಟಿಗೆಗೆ ಕಚ್ಚಿಸಿ ನೆಟ್ಟಗೆ ನಿಂತ.

"ಕಳ್ಳ ಅಂದದ್ದು ಪ್ಯಾಟ್ಯಾಗ್ರಿ. ಅಲ್ಲ ಅನ್ನಾಕ ನಮ್ಮ ಓಣಿಗೆ ಬಂದ್ರ ಹೆಂಗ್ರಿ? ನಾ ಕಳ್ಳ ಅಲ್ಲಂತ ಈ ಓಣಿಗೆ ಗೊತ್ತೈತಿ."

ಇಂಥ ಮಾತನ್ನು ಅವಳಿಗೆ ಯಾರೂ ಅಂದಿರಲಿಲ್ಲ. ಗಾಡಿ ತಿರುಗಿಸೆಂದು ಹನಮಪ್ಪನಿಗೆ ಹೇಳುವಷ್ಟು ಸಿಟ್ಟು ಬಂತು, ಹೇಳಿಯೂ ಬಿಟ್ಟಳು. ಪೇಟೆಯಲ್ಲಿ ಆ ಮಾತಾಡುವುದೆಂದರೆ ಕುಬೇರಪ್ಪನ ಕೈಗೆ ತಾನೇ ಕೋಲು ಕೊಟ್ಟಂತೆ: ತನ್ನ ಕಾರು ತಾನೇ ಕೆಡಿಸಿಕೊಂಡ ಮುದುಕಿಗೆ ವ್ಯಾಪಾರ ಯಾಕೆ ಎಂದು ನಾಳೆಯೇ ಊರೆಲ್ಲ ಹೇಳಿಯಾನು. ಓಣಿಯ ಕೊನೆಯ ತಗ್ಗಿನಲ್ಲಿ ಗಾಲಿ ದಡಕ್ಕನೆ ಇಳಿಯಿತು. ಗೌರಕ್ಕ ಅಯ್ಯೋ ಎಂದು ಕೂಗಿ ಬಿಟ್ಟಳು. ನೋವು ತುಸು ಇಳಿದ ಮೇಲೆ, ಹಿಂದೆ ತಿರುಗದೆಯೇ, "ಬಾ, ಪ್ಯಾಟ್ಯಾಗ ಅಂತೇನಿ" ಎಂದಳು.

ಉಡಚಪ್ಪ ಗಾಡಿ ಹತ್ತಲಿಲ್ಲ. ಅಣ್ಣಿಗೇರಿಯ ತನಕ ಹಿಂದೆಯೇ ನಡೆದು ಬಂದ.

ಪೇಟೆಯ ನಟ್ಟನಡುವೆ, ಕುಬೇರಪ್ಪನ ಅಂಗಡಿಯ ಎದುರಿಗೆ ಚಕ್ಕಡಿ ನಿಲ್ಲಿಸಿದಳು. ಗಾಡಿಯ ಬದಿಯ ಗೂಟ ಹಿಡಿದುಕೊಂಡು ಎದ್ದು ನಿಂತಳು. ಬೈದ ದಿನ ಎಷ್ಟು ದೊಡ್ಡ ದನಿಯಿತ್ತೋ ಅಷ್ಟೇ ದೊಡ್ಡ ದನಿಯಲ್ಲಿ ಹೇಳಿದಳು:

"ಎಲ್ಲಾರೂ ಕೇಳ್ರಿ. ಉಡಚಪ್ಪ ಕಳ್ಳ ಅಲ್ಲ. ಚೀಲಕ್ಕ ಎಣ್ಣಿ ಬಡಿಸಿ ಕೆಡಿಸಿದಾಕಿ ನಾನ. ಬ್ಯಾಡ ಅಂದಾಂವನ ಬಾಯಿ ಮುಚ್ಚಿಸಿದಾಕೀನೂ ನಾನ."

ತಕ್ಕಡಿಗಳು ನಿಂತವು. ಕುಬೇರಪ್ಪ ಓಡೋಡಿ ಬಂದು, ಬಹಳ ದಣಿದೀರಿ, ಇಳೀರಿ ವೈನಿ, ಮನೆಗೆ ಬಿಡುತ್ತೇನೆ ಎಂದು ಎಲ್ಲರಿಗೂ ಕಾಣುವಂತೆ ಕೈ ಚಾಚಿದ. ಇಳಿಯಲು ಅವಳಿಗೆ ಒಂದು ಕೈ ಬೇಕೇ ಇತ್ತು, ಸೊಂಟ ಕೈಕೊಟ್ಟಿತ್ತು. ಆ ಕೈ ಹಿಡಿದರೆ ಅದು ಎಲ್ಲಿಗೆ ಒಯ್ಯುತ್ತದೆ ಎಂಬುದೂ ಗೊತ್ತಿತ್ತು. ಅವಳು ಗೂಟ ಬಿಡದೆ ನಿಂತೇ ಇದ್ದಳು.

ಉಡಚಪ್ಪ ಬಂದು ಗಾಡಿಯ ಬಾಜು ನಿಂತ. ಮುಖದ ಮೇಲಿನ ಸಿಟ್ಟು ಇನ್ನೂ ಹೋಗಿರಲಿಲ್ಲ. ಕೈ ಚಾಚಲಿಲ್ಲ, ಸುಮ್ಮನೆ ಹೆಗಲು ಕೊಟ್ಟ. ಪೇಟೆ ಉಸಿರು ಹಿಡಿದು ನೋಡುತ್ತಿತ್ತು. ಗೌರಕ್ಕ ಎಲ್ಲರ ಕಣ್ಣೆದುರಿಗೇ ಆ ಹೆಗಲ ಮೇಲೆ ಕೈಯೂರಿ ಇಳಿದಳು. ಅವಳ ಭಾರ ಬಿದ್ದಾಗ ಅವನು ತುಸು ತಗ್ಗಿದ, ಆಮೇಲೆ ಮೆಲ್ಲಗೆ ನೆಟ್ಟಗಾದ. ಬೆನ್ನಿಗೆ ಒಂದಿಷ್ಟೂ ಪೆಟ್ಟಾಗಲಿಲ್ಲ.

ಕೀಲಿ ಇನ್ನೂ ಕಟ್ಟೆಯ ಮೇಲೇ ಇತ್ತು. ಯಾರೂ ಮುಟ್ಟಿರಲಿಲ್ಲ. ಉಡಚಪ್ಪ ಅದನ್ನು ಎತ್ತಿಕೊಂಡು, ಸತ್ತ ಚೀಲದ ಬದಲಿಗೆ ಮುಂಬಯಿಯಿಂದ ಒಂದು ತರಿಸಬೇಕು, ಉಳಿದ ಮೂರು ಚೀಲ ತೊಳೆಯಲು ಬಿಸಿನೀರು, ಸೋಪು ಬೇಕು ಎಂದ. ಗೌರಕ್ಕ ಹನಮಪ್ಪನ ಕಡೆ ತಿರುಗಿ, ಕೀಲೆಣ್ಣೆಯ ಡಬ್ಬಿ ಇನ್ನೊಮ್ಮೆ ಕಾರಿನ ಹತ್ತಿರ ಕಂಡರೆ ಕಾಲು ಮುರಿಯುತ್ತೇನೆ ಎಂದು ಬೈಯುತ್ತ ತನ್ನ ಅಂಗಡಿಯ ಮೆಟ್ಟಿಲು ಹತ್ತಿದಳು.