ಪ್ಲಗ್ ಕಿತ್ತರೂ ಆರದ ಪೆಟ್ಟಿಗೆ

ರಜೆಯ ದಿನ ಬೆಳಗ್ಗೆ ಗಡಿಯಾರ ರಿಪೇರಿಯವನ ಮನೆಯ ಟಿವಿಯಲ್ಲಿ ಹಾಡುತ್ತಿದ್ದ ಹೆಂಗಸನ್ನು ಯಾರೋ ಮೇಲಿನಿಂದಲೂ ಕೆಳಗಿನಿಂದಲೂ ಅದುಮಿದಂತಾಯಿತು. ನೋಡನೋಡುತ್ತಲೇ ಅವಳು ಪರದೆಯ ನಡುವೆ ಅಡ್ಡಲಾಗಿ ಒಂದು ಬಿಳಿಯ ಗೆರೆಯಾಗಿ ಉಳಿದಳು. ಹಾಡು ಮಾತ್ರ ನಿಲ್ಲಲಿಲ್ಲ.

"ಅಯ್ಯೋ ಪಾಪ, ಅವಳಿಗೇನಾಯ್ತೋ?" ಎಂದರು ಮಂಚದ ಮೇಲೆ ಕುಳಿತಿದ್ದ ಅವನ ತಾಯಿ.

"ಅವಳಿಗೇನೂ ಆಗಿಲ್ಲಮ್ಮ. ನಮ್ಮ ಟಿವಿಗೆ ವಯಸ್ಸಾಯ್ತು."

"ವಯಸ್ಸು ನನಗೂ ಆಗಿದೆ. ನಾನೇನು ಗೆರೆ ಆಗಿದ್ದೀನಾ?"

ಅದು ಬೆನ್ನಿನ ಕಡೆ ಗೂನು ಚಾಚಿಕೊಂಡ, ದಪ್ಪ ಗಾಜಿನ, ಹಳೆಯ ಕಾಲದ ಟಿವಿ. ಮಂಡಿನೋವಿನಿಂದ ಮೆಟ್ಟಿಲಿಳಿಯಲಾರದ ಆ ತಾಯಿಗೆ ನೆರೆಹೊರೆ, ಪೇಟೆ, ಪ್ರವಾಸ ಎಲ್ಲವೂ ಅದೇ. ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ. ಜನರೆಲ್ಲ ಫೋನಿನಲ್ಲಿ ಹೊತ್ತು ನೋಡತೊಡಗಿದ ಮೇಲೆ ಗಡಿಯಾರ ಬಿಚ್ಚಿಸಿಕೊಳ್ಳಲು ಬರುವವರು ವಿರಳವಾಗಿದ್ದರು; ಮನೆಯ ಖರ್ಚನ್ನು ಕೈ ಬಿಗಿಹಿಡಿದೇ ನಡೆಸಬೇಕಾಗಿತ್ತು.

"ನಾನೇ ಬಿಚ್ಚಿ ನೋಡ್ತೀನಿ" ಎಂದು ಅವನು ಟಿವಿಯನ್ನು ಆರಿಸಿ, ಗೋಡೆಯಿಂದ ಪ್ಲಗ್ ಕಿತ್ತು, ವೈರನ್ನು ಅಚ್ಚುಕಟ್ಟಾಗಿ ಸುತ್ತಿಟ್ಟನು. "ಸೆಕೆಂಡಿನ ಮುಳ್ಳು ಕೂರಿಸೋ ಕೈಗೆ ಇದೇನು ಮಹಾ!"

ಅವನ ಹೆಂಡತಿಗೆ ಒಳಗೊಳಗೇ ಅಳುಕಾಯಿತು. ಆ ಟಿವಿಯ ಗಾಜನ್ನು ದಿನವೂ ಒರೆಸುತ್ತಿದ್ದವಳು ಅವಳು. ಆರಿಸಿದ ಮೇಲೆಯೂ ಬಟ್ಟೆ ಹತ್ತಿರ ಹಿಡಿದರೆ ಚಿಟಿಚಿಟಿ ಸದ್ದಾಗುತ್ತಿತ್ತು, ಮುಂಗೈಯ ರೋಮ ನೆಟ್ಟಗಾಗುತ್ತಿತ್ತು.

"ರೀ, ಒಳಗೆ ಕರೆಂಟ್ ಇನ್ನೂ ಇರುತ್ತೆ ಅನ್ಸುತ್ತೆ. ಒರೆಸುವಾಗ ನನ್ನ ಕೈಗೆ ಗೊತ್ತಾಗುತ್ತೆ."

"ಪ್ಲಗ್ ಇಲ್ಲಿ ನೆಲದ ಮೇಲೆ ಬಿದ್ದಿದೆ ನೋಡು. ಸೆಲ್ ತೆಗೆದ ಗಡಿಯಾರ ಎಂದಾದ್ರೂ ಟಿಕ್ ಅಂದದ್ದುಂಟಾ?"

ತಪ್ಪು ಇದ್ದದ್ದು ಅಲ್ಲಿಯೇ. ಮೊದಲು ಸೆಲ್ಲನ್ನು ಎತ್ತಿ ಬದಿಗಿಡು, ಆಮೇಲೆ ಎಲ್ಲಿ ಬೇಕಾದರೂ ಮುಟ್ಟು ಎಂಬುದು ಗಡಿಯಾರದ ಮೇಜಿನ ಮೊದಲ ಪಾಠ. ಆ ಪಾಠ ಅವನ ಬೆರಳುಗಳಲ್ಲಿ ಇಳಿದುಹೋಗಿತ್ತು. ಎಲ್ಲ ಯಂತ್ರಗಳೂ ಹಾಗೆಯೇ ತಣ್ಣಗಾಗುತ್ತವೆ ಎಂದು ಅವನು ನಂಬಿದ್ದನು.

ಹೆಂಡತಿ ಅಡುಗೆಮನೆಗೆ ಸರಿದು, ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ನಾದಿನಿಯ ಗಂಡನಿಗೆ ಫೋನ್ ಮಾಡಿದಳು. ಆತ ಟಿವಿ ಮೆಕ್ಯಾನಿಕ್. ಮಾತಿಗೊಮ್ಮೆ ಹಾಸ್ಯ ಮಾಡುವ ಮನುಷ್ಯ.

"ಅಣ್ಣಾ, ಟಿವಿ ಚಿತ್ರವೆಲ್ಲ ಒಂದೇ ಗೆರೆ ಆಗಿದೆ."

"ಅಷ್ಟೇನಾ? ಒಳಗೆಲ್ಲೋ ಬೆಸುಗೆ ಬಿಟ್ಟಿರುತ್ತೆ, ಸಣ್ಣ ಕೆಲಸ. ಧಾರಾವಾಹಿ ತಪ್ಪುತ್ತೆ ಅಂತ ಅತ್ತೆಯವರು ಅಳ್ತಾ ಕೂತಿದ್ದಾರಾ?"

"ಇವರೇ ಬಿಚ್ತೀನಿ ಅಂತ ಕೂತಿದ್ದಾರೆ."

ಆ ಕಡೆಯ ನಗು ತಟ್ಟನೆ ನಿಂತಿತು.

"ಬಿಡಬೇಡ ತಂಗಿ. ಹಿಂದಿನ ಮುಚ್ಚಳ ತೆಗೆಯೋಕೇ ಬಿಡಬೇಡ."

"ಪ್ಲಗ್ ಕಿತ್ತಿದ್ದಾರಣ್ಣ."

"ಕಿತ್ತರೆ ಏನಾಯ್ತು? ಒಳಗೆ ದೊಡ್ಡ ಗಾಜಿನ ಬುರುಡೆ ಇರುತ್ತಲ್ಲ, ಪಿಕ್ಚರ್ ಟ್ಯೂಬು, ಅದು ಸಾವಿರಾರು ವೋಲ್ಟ್ ಕುಡಿದು ಕೂತಿರುತ್ತೆ. ಗಂಟೆಗಟ್ಟಲೆ ಇರುತ್ತೆ, ಒಂದೊಂದು ಸಲ ದಿನಗಟ್ಟಲೆ."

"ಮೇನ್ ಸ್ವಿಚ್ ಆರಿಸಿಬಿಡ್ಲಾ?"

"ಅದರಿಂದ ಗೋಡೇಲಿರೋ ಕರೆಂಟ್ ಹೋಗುತ್ತೆ. ಪೆಟ್ಟಿಗೆ ಒಳಗೆ ಸೇರಿಕೊಂಡಿರೋದು ಹೋಗಲ್ಲ. ನಾನು ಈಗಲೇ ಹೊರಟೆ. ಬರೋವರೆಗೆ ಏನಾದ್ರೂ ಮಾಡಿ ಅವನ ಕೈ ತಡೆದಿಟ್ಟಿರು."

ಅವಳು ಹೊರಗೆ ಬರುವಷ್ಟರಲ್ಲಿ ಅವನು ಟಿವಿಯನ್ನು ಮೇಜಿನ ಮೇಲೆ ಗೋಡೆಗೆ ಮುಖಮಾಡಿ ನಿಲ್ಲಿಸಿ, ಅದರ ಬೆನ್ನನ್ನು ತಡವುತ್ತಿದ್ದನು. ಅವಳು ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನ ಮುಖ ಕೆಂಪಾಯಿತು.

"ಭಾವನಿಗೆ ಫೋನ್ ಮಾಡಿದ್ಯಾ? ಮುಗೀತು. ನನ್ನ ಭಾವಮೈದನಿಗೆ ಸ್ಕ್ರೂ ಬಿಚ್ಚೋಕೂ ಬರಲ್ಲ ಅಂತ ಇನ್ನು ಮದುವೆ ಮನೆಗಳಲ್ಲೆಲ್ಲ ಹೇಳ್ಕೊಂಡು ತಿರುಗ್ತಾರೆ."

"ಹೇಳ್ಕೊಳ್ಳಲಿ ಬಿಡಿ."

"ಅದು ಅವರ ಹೊಟ್ಟೆಪಾಡು ಕಣೇ. ಹೆದರಿಸಿದ್ರೆ ತಾನೆ ಗಿರಾಕಿ ಬರೋದು!"

"ನನ್ನ ಮಗ ಊರ ದೊಡ್ಡ ಗಡಿಯಾರವನ್ನೇ ಬಿಚ್ಚಿ ಜೋಡಿಸಿದವನು" ಎಂದು ತಾಯಿ ಮಂಚದಿಂದಲೇ ಮಗನ ಪಕ್ಷ ವಹಿಸಿದರು. "ಸಂಜೆ ಧಾರಾವಾಹಿಗೆ ಸರಿಹೋಗುತ್ತೇನೋ?"

"ಸಂಜೆ ಯಾಕೆ, ಮಧ್ಯಾಹ್ನಕ್ಕೇ ನೋಡುವಿಯಂತೆ."

ಗಡಿಯಾರದ ಸ್ಕ್ರೂಡ್ರೈವರುಗಳು ಟಿವಿಯ ಸ್ಕ್ರೂಗಳಿಗೆ ಹುಲ್ಲುಕಡ್ಡಿಗಳಂತಿದ್ದವು. ದೊಡ್ಡದು ಎಲ್ಲಿದೆಯೆಂದು ಕೇಳಿದರೆ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿರುವುದು ಚೆನ್ನಾಗಿ ಗೊತ್ತಿದ್ದೂ ಹೆಂಡತಿ ಅಟ್ಟದ ಮೇಲೆ ಹುಡುಕತೊಡಗಿದಳು. ಹಳೆಯ ಡಬ್ಬಗಳನ್ನು ಒಂದೊಂದಾಗಿ ಇಳಿಸಿದಳು. ಟೀ ಮಾಡಿಕೊಟ್ಟಳು. ಸಕ್ಕರೆ ಕಡಿಮೆಯಾಯಿತೆಂದು ತಾನೇ ಹೇಳಿ ಲೋಟವನ್ನು ವಾಪಸು ಒಯ್ದಳು. ಆಗಾಗ ಕಿಟಕಿಯಿಂದ ಬೀದಿಯ ತಿರುವಿನತ್ತ ಕಣ್ಣು ಹಾಯಿಸಿದಳು. ಭಾವ ಬರಬೇಕಾದ ಬಸ್ಸಿನ ಸುಳಿವೇ ಇರಲಿಲ್ಲ.

ಅಷ್ಟರಲ್ಲಿ ಅವನು ಅಡುಗೆಮನೆಯ ಚಾಕುವಿನ ತುದಿಯಿಂದಲೇ ಸ್ಕ್ರೂಗಳನ್ನೆಲ್ಲ ತಿರುಗಿಸಿಬಿಟ್ಟಿದ್ದನು. ಮುಚ್ಚಳ ಕೈಗೆ ಬಂತು. ಒಳಗೆ ವರ್ಷಗಳ ಧೂಳು ಕಂಬಳಿಯಂತೆ ಹೊದೆದಿತ್ತು. ಅದರ ನಡುವೆ ಗಾಜಿನ ಬುರುಡೆ, ಅದರ ನೆತ್ತಿಯ ಮೇಲೆ ರಬ್ಬರಿನ ಟೋಪಿ, ಟೋಪಿಯಿಂದ ಇಳಿದುಬಂದ ದಪ್ಪ ಕೆಂಪು ವೈರು.

"ಓಹೋ, ಈ ಟೋಪಿ ಕೆಳಗೆ ಏನೋ ಸಡಿಲವಾಗಿದೆ" ಎಂದು ಅವನು ಗಡಿಯಾರದ ಕೆಲಸದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡನು. ಬಲಗೈಯಲ್ಲಿ ಉಕ್ಕಿನ ಚಿಮುಟ. ಅವನ ಕಸುಬಿನಲ್ಲಿ ಮುಖವನ್ನು ಕೆಲಸಕ್ಕೆ ತಾಗುವಷ್ಟು ಹತ್ತಿರ ತರಬೇಕು. ಇಲ್ಲಿಯೂ ಅವನು ಹಾಗೆಯೇ ಬಾಗಿದನು.

"ರೀ!"

"ಏನೇ ಅದು, ಬೆಚ್ಚಿಬೀಳೋ ಹಾಗೆ ಕೂಗ್ತೀಯ!"

"ಒಳಗೆ ಏನೂ ಇಲ್ಲ ಅಂತ ನಿಮಗೆ ಖಾತ್ರಿ ತಾನೆ?"

"ಖಾತ್ರಿ ಅಂದ್ರೆ ಖಾತ್ರಿ."

ಅವಳು ದನಿ ನಡುಗದಂತೆ ಹೇಳಿದಳು: "ಹಾಗಾದ್ರೆ ಆ ಚಿಮುಟ ಅತ್ತೆ ಕೈಗೆ ಕೊಡಿ. ಅವರೇ ಆ ಟೋಪಿ ಎತ್ತಲಿ."

ಮಂಚದ ಮೇಲಿದ್ದ ತಾಯಿ ಎರಡೂ ಕೈಗಳನ್ನು ಸರಕ್ಕನೆ ಹೊದಿಕೆಯ ಒಳಕ್ಕೆ ಎಳೆದುಕೊಂಡರು. "ನನ್ನ ಕೈ ಯಾಕಮ್ಮಾ? ನಾನೇನು ತಪ್ಪು ಮಾಡಿದೆ?"

"ಅಮ್ಮನ ವಿಷಯ ಯಾಕೆ ತರ್ತೀಯ?" ಎಂದನು ಅವನು.

"ಏನೂ ಇಲ್ಲ ಅಂದ್ರಲ್ಲ. ಇಲ್ಲದಿದ್ರೆ ಅವರು ಮುಟ್ಟಿದ್ರೇನು, ನೀವು ಮುಟ್ಟಿದ್ರೇನು?"

ತನ್ನ ಕೈಯನ್ನು ಪಣಕ್ಕಿಡಲು ಸಾಕಾಗಿದ್ದ ಧೈರ್ಯ ತಾಯಿಯ ಕೈಯ ಮಾತು ಬಂದೊಡನೆ ಸಾಲದಾಯಿತು. ಚಿಮುಟವನ್ನು ಅವನು ಕೆಳಗಿಡಲೂ ಇಲ್ಲ, ಮುಂದಕ್ಕೆ ಚಾಚಲೂ ಇಲ್ಲ. ಹಾಗೆಯೇ ನಿಂತನು.

"ಇಟ್ಬಿಡೋ ಮಗಾ" ಎಂದರು ತಾಯಿ, ತಗ್ಗಿದ ದನಿಯಲ್ಲಿ. "ಧಾರಾವಾಹಿ ಎಲ್ಲಿಗೂ ಓಡಿಹೋಗಲ್ಲ."

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಭಾವ ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡನು. ತೆರೆದ ಪೆಟ್ಟಿಗೆಯನ್ನೂ, ಭಾವಮೈದನ ಕೈಯ ಚಿಮುಟವನ್ನೂ ನೋಡಿದನು.

"ಎಲ್ಲರೂ ಹಿಂದಕ್ಕೆ ಬನ್ನಿ" ಎಂದಷ್ಟೇ ಹೇಳಿದನು.

ಅವನು ಚೀಲದಿಂದ ದಪ್ಪ ರಬ್ಬರಿನ ಕೈಗವಸು ತೆಗೆದು ಹಾಕಿಕೊಂಡನು. ಟ್ಯೂಬಿನೊಳಗೆ ಸೇರಿಕೊಂಡ ಕರೆಂಟನ್ನು ಇಳಿಸುವ, ಉದ್ದ ಹಿಡಿಯ, ಬುಡಕ್ಕೆ ವೈರು ಕಟ್ಟಿದ ಸಲಕರಣೆಯೊಂದನ್ನು ಹೊರತೆಗೆದನು. ಕಲಿತವರು ತಮ್ಮದೇ ಸಲಕರಣೆಯಿಂದ ಮಾಡುವ ಕೆಲಸವಿದು, ನೋಡಿ ಅನುಕರಿಸುವಂಥದ್ದಲ್ಲ. ಸಲಕರಣೆಯ ತುದಿ ಟೋಪಿಯ ಅಡಿಗೆ ಸೇರಿತು.

ಚಟ್!

ಟೋಪಿಯ ಅಂಚಿನಲ್ಲಿ ನೀಲಿಯ ಕಿಡಿಯೊಂದು ಹಾರಿತು. ತಾಯಿ ಕಿವಿ ಮುಚ್ಚಿಕೊಂಡರು. ಗಡಿಯಾರದವನು ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟನು.

"ಪ್ಲಗ್ ಕಿತ್ತು ಆಗಲೇ ಎಷ್ಟೋ ಹೊತ್ತಾಯ್ತಲ್ಲ ಭಾವ..."

"ಆಯ್ತು."

"ನಾನು ಚಿಮುಟ ಹಾಕಬೇಕು ಅಂತಿದ್ದದ್ದು ಅಲ್ಲೇ. ಆ ಟೋಪಿ ಕೆಳಗೇನೇ."

ಗೇಲಿ ಮಾಡಲು ಇದಕ್ಕಿಂತ ಒಳ್ಳೆಯ ಅವಕಾಶ ಭಾವನಿಗೆ ಮತ್ತೆ ದೊರೆಯುವಂತಿರಲಿಲ್ಲ. ಆದರೆ ಅವನು ಗೇಲಿ ಮಾಡಲಿಲ್ಲ. ಭಾವಮೈದನ ಕೈಯಿಂದ ಚಿಮುಟವನ್ನು ಮೆಲ್ಲನೆ ಬಿಡಿಸಿಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟನು.

"ನೀನು ದಡ್ಡ ಅಲ್ಲ ಕಣಯ್ಯಾ. ಗಡಿಯಾರದಲ್ಲಿ ನೀನು ಮಾಡೋದೇ ಸರಿ. ಇದು ಬೇರೆ ಜಾತಿ ಯಂತ್ರ. ಇದು ಆರಿಸಿದ ಮೇಲೂ ಆರಲ್ಲ."

"ಇಷ್ಟೆಲ್ಲ ಗೊತ್ತಿದ್ರೆ ಮೊದಲೇ ಹೇಳಬಾರದಿತ್ತಾ ಅಳಿಯಂದಿರೇ?" ಎಂದರು ತಾಯಿ.

"ನಿಮ್ಮ ಸೊಸೆ ಹೇಳಿದಳಲ್ಲ ಅತ್ತೆ. ಕೇಳೋರು ಬೇಕಲ್ಲ!"

ಸೊಸೆ ಆಗ ಅಲ್ಲಿರಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಷ್ಟು ಹೊತ್ತು ತಡೆದಿದ್ದ ಅಳುವನ್ನು ಅಳುತ್ತಿದ್ದಳು. ಗಂಡ ಹೋಗಿ ಅವಳ ಪಕ್ಕದಲ್ಲಿ ನಿಂತನು.

"ಆ ಟೀ ಇದೆಯಾ?" ಎಂದನು.

"ಸಕ್ಕರೆ ಸರಿಯಾಗೇ ಇತ್ತು" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. ತಣ್ಣಗಾದ ಆ ಟೀಯನ್ನು ಅವನು ಅಲ್ಲಿಯೇ ನಿಂತು ಕುಡಿದನು. ಅಂದು ಅವನು ಯಾವ ಗಡಿಯಾರವನ್ನೂ ಬಿಚ್ಚಲಿಲ್ಲ.

ಭಾವ ಬೆಸುಗೆ ಬಿಟ್ಟಿದ್ದ ಜಾಗವನ್ನು ಹುಡುಕಿ ಹೊಸ ಬೆಸುಗೆ ಹಾಕಿದನು. ಯಾವ ಭಾಗವನ್ನೂ ಬದಲಿಸಬೇಕಾಗಲಿಲ್ಲ. ಬೇರೆ ಮೆಕ್ಯಾನಿಕ್ ಆಗಿದ್ದರೂ ಕೂಲಿ ಅವರ ಕೈಗೆಟುಕುವಷ್ಟೇ ಆಗುತ್ತಿತ್ತು. ಚಿತ್ರ ಮತ್ತೆ ಅಗಲವಾಗಿ ತೆರೆದುಕೊಂಡಿತು. ಆದರೂ ಮನೆಯವರು ಬಹಳ ಹೊತ್ತು ಆ ಪರದೆಯ ಹತ್ತಿರ ಹೋಗಲಿಲ್ಲ.

ಓದುವ ಅಣ್ಣತಮ್ಮಂದಿರೇ, ಕೇಳುವ ಅಕ್ಕತಂಗಿಯರೇ, ಹಣ ಉಳಿಸಬೇಕೆಂಬ ಆಸೆ ತಪ್ಪಲ್ಲ. ನಿಮ್ಮ ಮನೆಯ ಟಿವಿ ಕೆಟ್ಟಾಗ ಪ್ಲಗ್ ಸರಿಯಾಗಿ ಕೂತಿದೆಯೇ, ಕೇಬಲ್ಲು ಸಡಿಲವಾಗಿದೆಯೇ, ರಿಮೋಟಿನ ಸೆಲ್ಲು ಮುಗಿದಿದೆಯೇ ಎಂದು ನೀವೇ ನೋಡಿ. ಎಷ್ಟೋ ಬಾರಿ ದೋಷ ಅಲ್ಲಿಯೇ ಇರುತ್ತದೆ. ಅಷ್ಟಕ್ಕೂ ಸರಿಹೋಗದಿದ್ದರೆ ಪರದೆಯಲ್ಲಿ ಏನು ಕಾಣುತ್ತದೆ, ಏನು ಕೇಳುತ್ತದೆ ಎಂಬುದನ್ನು ಮೆಕ್ಯಾನಿಕ್‌ಗೆ ಫೋನಿನಲ್ಲಿಯೇ ವಿವರಿಸಿ, ಖರ್ಚು ಎಷ್ಟಾದೀತೆಂದು ಮೊದಲೇ ಕೇಳಿಕೊಳ್ಳಿ. ಹಾಗೆ ಕೇಳಲು ನಾಚಿಕೆ ಬೇಡ. ಆದರೆ ಬೆನ್ನಿನ ಮುಚ್ಚಳವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತಿದ್ದರೂ, ಮೇನ್ ಆರಿಸಿದ್ದರೂ ಬಿಚ್ಚಬೇಡಿ. ಬಿಚ್ಚಲು ಕುಳಿತವರನ್ನು ಕಂಡರೆ ಸಂಕೋಚ ಬಿಟ್ಟು ಕೈಹಿಡಿದು ತಡೆಯಿರಿ, ಅವರು ನಿಮ್ಮ ಮೇಲೆ ಸಿಡುಕಿದರೂ ಸರಿಯೇ. ಸಿಟ್ಟು ಸಂಜೆಯೊಳಗೆ ಇಳಿಯುತ್ತದೆ. ಹೋದ ಜೀವವನ್ನು ಬೆಸುಗೆ ಹಾಕಿ ಕೂಡಿಸಬಲ್ಲ ಮೆಕ್ಯಾನಿಕ್ ಎಲ್ಲಿಯೂ ಇಲ್ಲ.